ಲೆಕ್ಕ ಕೇಳುವ ಧರ್ಮ



ಈ ಸಂಜೆಯ ವಿಷಯ ಕ್ರೈಸ್ತ ಅಹಿಂಸಾವಾದ. ನಮಗಿದು ದೂರದ ಮಾತು ಅನ್ನಿಸೀತು; ಹಾಗಾಗಿ ನಮ್ಮವರಿಂದಲೇ ಶುರುಮಾಡುತ್ತೇನೆ. ಹರಿಹರ ಕವಿ ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದ, ಆ ಕೆಲಸ ಬಿಟ್ಟು ಹಂಪೆಗೆ ನಡೆದುಬಿಟ್ಟ ಎಂದು ಐತಿಹ್ಯವಿದೆ. ಬಸವಣ್ಣ ಬಿಜ್ಜಳನ ಭಂಡಾರಿ. ಖಜಾನೆಯನ್ನು ಒಳಗಿನಿಂದ ಕಂಡವರೇ ಅರಮನೆಗೆ ನಿಷ್ಠುರರಾದರು. ನಾನಿಂದು ಹೇಳಹೊರಟಿರುವ ಜೆ.ಸಿ. ಕುಮಾರಪ್ಪನವರೂ ಲೆಕ್ಕದವರೇ. ತಂಜಾವೂರಿನಲ್ಲಿ, ಕ್ರೈಸ್ತ ಮನೆತನದಲ್ಲಿ 1892ರಲ್ಲಿ ಹುಟ್ಟಿ ಮುಂಬೈಯಲ್ಲಿ ಆಡಿಟರ್ ಆಗಿದ್ದರು.

ಅವರ ವಿಚಾರಕ್ಕೆ ಹೋಗುವ ಮೊದಲು ನಮ್ಮ ಬೆಂಗಳೂರಿನ ಒಂದು ಕಟ್ಟಡ ನೋಡೋಣ. ಜಯನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾದರೆ ಟ್ರಿನಿಟಿ ನಿಲ್ದಾಣ ಸಿಗುತ್ತದೆ. ಹೆಸರು ಬಂದದ್ದು ಅಲ್ಲಿನ ಹೋಲಿ ಟ್ರಿನಿಟಿ ಚರ್ಚಿನಿಂದ. ಪೇಟೆಯವರು 'ದಂಡು' ಎನ್ನುತ್ತಿದ್ದ ಭಾಗದಲ್ಲಿ, ಬ್ರಿಟಿಷ್ ಸೈನಿಕರ ಪ್ರಾರ್ಥನೆಗಾಗಿ ಕಟ್ಟಿದ್ದು. ಒಳಗಿನ ಗೋಡೆಗಳ ಮೇಲೆ ಸೇನಾಧಿಕಾರಿಗಳ ಸ್ಮಾರಕ ಫಲಕಗಳಿವೆ. ಇಂಥ ದಂಡಿನ ಚರ್ಚುಗಳ ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡುತ್ತಿತ್ತು. ಆ ಹಣ ಇಲ್ಲಿನ ರೈತರ ಕಂದಾಯದ್ದು. ಪಾದ್ರಿ ಪಲ್ಟನ್ನಿಗೆ ಆಶೀರ್ವಾದ ಮಾಡುತ್ತಿದ್ದ. ಪಲ್ಟನ್ನು ಎಲ್ಲಿಗೆ, ಯಾರನ್ನು ಕೊಲ್ಲಲು ಹೊರಟಿದೆ ಎಂದು ಕೇಳುವುದು ಅವನ ಕೆಲಸವಾಗಿರಲಿಲ್ಲ.

ಆದಿಯಲ್ಲಿ ಹೀಗಿರಲಿಲ್ಲ. ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕದ ಮ್ಯಾಕ್ಸಿಮಿಲಿಯನ್ ಎಂಬ ತರುಣ, ತಾನು ಕ್ರೈಸ್ತ, ಸೈನ್ಯಕ್ಕೆ ಸೇರಲಾರೆ ಎಂದು ಹೇಳಿ ತಲೆ ಕೊಟ್ಟ. ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತ ಧರ್ಮಕ್ಕೆ ಆಶ್ರಯ ಕೊಟ್ಟ ಮೇಲೆ ಚರ್ಚಿಗೆ ಸಿಂಹಾಸನದ ಪಕ್ಕ ಪೀಠ ಸಿಕ್ಕಿತು, 'ನ್ಯಾಯವಾದ ಯುದ್ಧ' ಎಂಬ ಸಿದ್ಧಾಂತವೂ ಬೆಳೆಯಿತು. ಮೆನೊನೈಟರು, ಕ್ವೇಕರರಂಥ ಸಣ್ಣ ಪಂಥಗಳು ಮಾತ್ರ ಆಯುಧ ಮುಟ್ಟುವುದಿಲ್ಲವೆಂದು ಹಟ ಹಿಡಿದವು. ಟಾಲ್‌ಸ್ಟಾಯ್ 1894ರಲ್ಲಿ 'ದೇವರ ರಾಜ್ಯ ನಿಮ್ಮೊಳಗೇ ಇದೆ' ಎಂಬ ಗ್ರಂಥದಲ್ಲಿ ಚರ್ಚು, ಸರ್ಕಾರ ಎರಡನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದರು. ರಷ್ಯಾದಲ್ಲಿ ಅದು ನಿಷೇಧವಾಯಿತು. 1901ರಲ್ಲಿ ಚರ್ಚು ಅವರಿಗೆ ಬಹಿಷ್ಕಾರ ಹಾಕಿತು. ಆ ಪುಸ್ತಕ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧಿಯ ಕೈಸೇರಿತು. ಮುಂದಿನದು ನಿಮಗೆ ಗೊತ್ತು.

ಕುಮಾರಪ್ಪ 1929ರಲ್ಲಿ ಗಾಂಧಿಯನ್ನು ಕಂಡರು. ಮರುವರ್ಷ ಉಪ್ಪಿನ ಸತ್ಯಾಗ್ರಹ. ಕಾನೂನುಭಂಗ ಕ್ರಿಸ್ತನ ಬೋಧನೆಗೆ ಒಪ್ಪುವುದಿಲ್ಲ ಎಂಬುದು ಕಲ್ಕತ್ತೆಯ ಮೆಟ್ರೊಪಾಲಿಟನ್, ಎಂದರೆ ಹಿರಿಯ ಬಿಷಪ್, ಫಾಸ್ ವೆಸ್ಟ್‌ಕಾಟ್ ಅವರ ನಿಲುವು. ಕುಮಾರಪ್ಪ ಬಹಿರಂಗವಾಗಿಯೇ ಅವರನ್ನು ಎದುರಿಸಿದರು. ನಿರಾಯುಧರ ಮೇಲೆ ಲಾಠಿ ಬೀಳುವಾಗ ಸುಮ್ಮನಿದ್ದು, ಏಟು ತಿಂದವರಿಗೆ ಉಪದೇಶ ಮಾಡುವುದು ಯಾವ ಕ್ರೈಸ್ತಧರ್ಮ ಎಂಬುದು ಅವರ ಆಕ್ಷೇಪಣೆಯ ತಿರುಳು. ಅದೇ ವರ್ಷ ಮಧುರೆಯಲ್ಲಿ ಅಮೆರಿಕನ್ ಮಿಷನರಿ ಕೈತಾನ್, ಗಾಂಧಿಯ ಪತ್ರವನ್ನು ವೈಸರಾಯರಿಗೆ ಒಯ್ದಿದ್ದ ಕ್ವೇಕರ್ ತರುಣ ರೆಜಿನಾಲ್ಡ್ ರೆನಾಲ್ಡ್ಸ್‌ಗೆ ತಮ್ಮ ಮನೆಯಲ್ಲಿ ಉಳಿಯಲು ಜಾಗ ಕೊಟ್ಟರು. ಅಷ್ಟಕ್ಕೇ ಕೈತಾನ್ ದೇಶ ಬಿಡಬೇಕಾಯಿತು.

ಕುಮಾರಪ್ಪ ಇತರರನ್ನಷ್ಟೇ ಪ್ರಶ್ನಿಸಿದವರಲ್ಲ. 1934ರ ಬಿಹಾರ ಭೂಕಂಪದ ಪರಿಹಾರ ನಿಧಿಯ ಲೆಕ್ಕ ಅವರ ಕೈಯಲ್ಲಿತ್ತು. ಗಾಂಧಿಯ ಪರಿವಾರದ ಊಟ–ಓಡಾಟದ ಖರ್ಚನ್ನೂ ಆ ನಿಧಿಯಿಂದ ಕೊಡಲಾಗದು ಎಂದುಬಿಟ್ಟರು. ಕ್ವಿಟ್ ಇಂಡಿಯಾ ಕಾಲದಲ್ಲಿ ಜಬಲ್ಪುರದ ಜೈಲಿನಲ್ಲಿದ್ದು ಎರಡು ಪುಸ್ತಕ ಬರೆದರು: ಒಂದು ಯೇಸುವಿನ ಬೋಧನೆಯ ಬಗ್ಗೆ, ಇನ್ನೊಂದು ಬಾಳುವ ಅರ್ಥವ್ಯವಸ್ಥೆಯ ಬಗ್ಗೆ. ಎರಡಕ್ಕೂ ಗಾಂಧಿಯ ಮುನ್ನುಡಿಯಿದೆ. ಕುಮಾರಪ್ಪನವರ ದೃಷ್ಟಿಯಲ್ಲಿ ಯುದ್ಧ ಹುಟ್ಟುವುದು ಸಂತೆಯಲ್ಲಿ. ದೂರದ ಕಚ್ಚಾಮಾಲು, ದೂರದ ಮಾರುಕಟ್ಟೆ ಬೇಕೆಂದಾಗ ಹಡಗಿನ ದಾರಿ ಕಾಯಲು ನೌಕಾಪಡೆ ಬೇಕಾಗುತ್ತದೆ. ಆಫ್ರಿಕದ ಕೋಕೋವನ್ನು ಅವರು ಉದಾಹರಿಸುತ್ತಿದ್ದರು: ಬೆಳೆದವನ ಬೆನ್ನು ಮುರಿದು ಬಂದ ಪದಾರ್ಥವನ್ನು ಕೊಂಡವನಿಗೆ ಆ ಪಾಪದಲ್ಲೂ ಪಾಲಿದೆ. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಚೀಲ ತುಂಬಿಸಿಕೊಂಡು ಬರುವ ನಮಗೂ ಈ ಲೆಕ್ಕ ತಪ್ಪಿದ್ದಲ್ಲ.

ಸ್ವಾತಂತ್ರ್ಯ ಬಂತು, ಬ್ರಿಟಿಷ್ ಸರ್ಕಾರದ ಸಂಬಳದ ಪಾದ್ರಿಗಳು ಹೋದರು. ಪ್ರಶ್ನೆ ಹೋಗಲಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಬಹುಪಾಲು ಚರ್ಚುಗಳ ಮುಖಂಡರು ಬಾಯಿ ಮುಚ್ಚಿಕೊಂಡಿದ್ದರು. ಬೆಂಗಳೂರಿನಲ್ಲಿ ಪಿ.ಡಿ. ದೇವನಂದನ್ 1957ರಲ್ಲಿ ಕಟ್ಟಿದ ಧರ್ಮ–ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು ವರ್ಷಗಟ್ಟಲೆ ನಡೆಸಿದ ಎಂ.ಎಂ. ಥಾಮಸ್ ಮಾತ್ರ ಮದ್ರಾಸಿನ 'ಗಾರ್ಡಿಯನ್' ವಾರಪತ್ರಿಕೆಯಲ್ಲಿ ಸರ್ವಾಧಿಕಾರವನ್ನು ಟೀಕಿಸಿ ಬರೆದರು. ಮಾರ್ ಥೋಮಾ ಚರ್ಚಿನ ಮೆಟ್ರೊಪಾಲಿಟನ್ ಯೂಹಾನೋನ್ ಪ್ರಧಾನಿಗೇ ಪತ್ರ ಬರೆದರು. ಥಾಮಸ್ ಟಾಲ್‌ಸ್ಟಾಯ್‌ನಂತೆ ಪೂರ್ಣ ಅಹಿಂಸಾವಾದಿಯಲ್ಲ. ಆದರೆ ಅಧಿಕಾರವನ್ನು ದೇವರೆಂದು ಒಪ್ಪದಿರುವುದರಲ್ಲಿ ಅವರೂ ಅದೇ ಸಾಲಿನವರು. ಆಗ ವಿರೋಧಕ್ಕೆ ಬೆಲೆ ತೆರಬೇಕಿತ್ತು: ತುರ್ತುಪರಿಸ್ಥಿತಿಯಲ್ಲಿ ಬಂಧಿತರಾಗಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು.

ಉಳಿದ ಚರ್ಚುಗಳ ಮುಖಂಡರು ಏಕೆ ಮಾತಾಡಲಿಲ್ಲ? ಬರೀ ಹೇಡಿತನ ಎಂದು ನಾನು ಹೇಳಲಾರೆ. ಶಾಲೆ, ಆಸ್ಪತ್ರೆ, ಅನಾಥಾಲಯ ನಡೆಸುವವರಿಗೆ ಜಾಗ ಬೇಕು, ಪರವಾನಗಿ ಬೇಕು, ಅನುದಾನ ಬೇಕು. ವಿದೇಶಿ ದೇಣಿಗೆಗೆ ಲಗಾಮು ಹಾಕುವ ಕಾಯಿದೆ ಬಂದದ್ದೂ 1976ರಲ್ಲೇ. ಸೇವೆ ಬೆಳೆದಷ್ಟೂ ಕಳೆದುಕೊಳ್ಳುವ ಭಯ ಬೆಳೆಯುತ್ತದೆ. ಇದು ಚರ್ಚಿನ ರೋಗ ಮಾತ್ರವಲ್ಲ. ನಮ್ಮ ರಾಜ್ಯದ ಬಜೆಟ್ಟಿನಲ್ಲಿ ಮಠಗಳಿಗೆ ಹಣ ತೆಗೆದಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಹಣ ಪಡೆದ ಪೀಠದಿಂದ ಕೊಟ್ಟವರ ವಿರುದ್ಧ ಮಾತು ಹೊರಡುವುದು ಕಷ್ಟ.

ಇಲ್ಲಿ ಕೂತವರಲ್ಲಿ ಹಲವರು ದೇವಸ್ಥಾನದ ಟ್ರಸ್ಟು, ಮಠದ ಸಮಿತಿ, ಚರ್ಚು ಅಥವಾ ಮಸೀದಿಯ ಕಮಿಟಿಯಲ್ಲಿದ್ದೀರಿ. ಮುಂದಿನ ವಾರ್ಷಿಕ ಸಭೆಯಲ್ಲಿ ಜಮಾ–ಖರ್ಚಿಗೆ ಕೈಯೆತ್ತುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಹಣ ಕೊಟ್ಟವರು ನಾಳೆ ಅನ್ಯಾಯ ಮಾಡಿದರೆ, ನಾವು ಅವರೆದುರು ನಿಂತು ಹೇಳುತ್ತೇವೆಯೆ? ಇಲ್ಲ ಎನ್ನುವುದಾದರೆ ಆ ಹಣವನ್ನು ಮರಳಿಸಿಬಿಡಿ.