ನೀರು ಕೊಡುವ ಕರೆಂಟು



ಶರಾವತಿಯ ನೀರು ಧುಮುಕಿ ಕರೆಂಟಾಗುತ್ತದೆಂದು ಇದೇ ಶಾಲೆಯಲ್ಲಿ ಕಲಿತೆ. ಕೆಲಸಕ್ಕೆ ಹೋದ ಕುವೈತಿನಲ್ಲಿ ಒಂದು ನದಿಯೂ ಇಲ್ಲ. ಅಲ್ಲಿ ಎಲ್ಲ ತಿರುಗುಮುರುಗು, ವಿದ್ಯುತ್ ಸ್ಥಾವರವೇ ಕುಡಿಯುವ ನೀರು ಕೊಡುತ್ತದೆ. ಕಡಲಂಚಿನ ದೋಹಾ ವೆಸ್ಟ್‌ನಲ್ಲಿ (ಕತಾರಿನ ದೋಹಾ ಅಲ್ಲ) 300 ಮೆಗಾವ್ಯಾಟಿನ 8 ಘಟಕಗಳಿವೆ. ಎಣ್ಣೆ, ಗ್ಯಾಸು ಉರಿಸಿ ಎಬ್ಬಿಸಿದ ಹಬೆ ಟರ್ಬೈನ್ ತಿರುಗಿಸುತ್ತದೆ. ಅದರಲ್ಲೇ ಒಂದು ಪಾಲು ಹಬೆಯಿಂದ ಸಮುದ್ರದ ನೀರು ಕಾಯಿಸಿ, ಒತ್ತಡ ಇಳಿಸುತ್ತ ಆವಿಯಾಗಿಸಿ, ತಣಿಸಿ ಸಿಹಿನೀರು ಹಿಡಿಯುತ್ತಾರೆ.

ಬೇಸಿಗೆಯಲ್ಲಿ 50 ಡಿಗ್ರಿ, ಮನೆಮನೆಯಲ್ಲೂ ಏಸಿ. 2024ರ ಜೂನ್‌ನಲ್ಲಿ ಆ ಎಣ್ಣೆಯ ದೇಶದಲ್ಲೂ ಸರದಿಯಂತೆ ಕರೆಂಟು ತೆಗೆದರು. ನಮ್ಮೂರಿನವನಿಗೆ ಲೋಡ್‌ಶೆಡ್ಡಿಂಗ್ ಹೊಸದೇ? ಆದರೂ ಎದೆ ಧಸಕ್ಕೆಂದಿತು. ಸ್ಥಾವರಗಳು ಬಹಳ ದಿನ ನಿಂತರೆ ಅಲ್ಲಿ ಫ್ಯಾನಷ್ಟೇ ಅಲ್ಲ, ನಲ್ಲಿಯೂ ನಿಲ್ಲುತ್ತದಲ್ಲ! ಅಂದು ಕೋಣೆಯ ಬಕೆಟ್ಟುಗಳನ್ನೆಲ್ಲ ತುಂಬಿಸಿಟ್ಟೆ.