ಮನೆಯೊಳಗೂ ಒಂದು ಅನುಭವ ಮಂಟಪ



ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ನಮ್ಮ ಸಮಾಜದ ಮನೆಗಳು ಕಡಿಮೆ. ಹೀಗಾಗಿ ಮಕ್ಕಳ ಸಂಬಂಧಕ್ಕೆ ಘಟ್ಟದ ಮೇಲೆ ಹುಡುಕುತ್ತೇವೆ. ಮೊದಲು ಕೇಳುವುದು ಒಳಪಂಗಡ ಯಾವುದೆಂದು.

ಹರಳಯ್ಯನವರ ಮಗ ಶೀಲವಂತ, ಮಧುವರಸರ ಮಗಳು ಲಾವಣ್ಯ ಇವರ ಮದುವೆಯನ್ನು ವೇದಿಕೆಯಲ್ಲಿ ಕೊಂಡಾಡುತ್ತೇವೆ. ಅದಕ್ಕಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆನ್ನುತ್ತದೆ ಶರಣರ ಚರಿತ್ರೆ. ನಮ್ಮ ಮಗಳು ಬೆಂಗಳೂರಿನಿಂದ ಫೋನು ಮಾಡಿ, ತಾನು ಮೆಚ್ಚಿದ ಹುಡುಗನ ಹೆಸರು ಹೇಳಿದರೆ ಮಾತ್ರ ತಿಂಗಳುಗಟ್ಟಲೆ ಮಾತು ಬಿಡುತ್ತೇವೆ. ಹೆಣ್ಣಿಗೆ 18, ಗಂಡಿಗೆ 21 ತುಂಬಿದರೆ 1954ರ ವಿಶೇಷ ವಿವಾಹ ಕಾಯ್ದೆ ಜಾತಿ ಕೇಳುವುದಿಲ್ಲ. ನಾವು ವಿಚಾರಿಸಬೇಕಾದದ್ದು ಹುಡುಗನ ನಡತೆ, ದುಡಿಮೆ, ದುಶ್ಚಟ. ಅದನ್ನು ವಿಚಾರಿಸಲಿಕ್ಕಾದರೂ ಮಗಳೊಡನೆ ಮಾತು ಉಳಿದಿರಬೇಕಲ್ಲ?

ಮದುವೆಯ ನಂತರದ್ದೂ ಇಷ್ಟೇ. ಮಾರಯ್ಯನವರು ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ತಪ್ಪೆಂದರು. ಅವರು ಮರಳಿಸಿ ಬಂದರು. ಹೆಂಡತಿಯ ಮಾತು ಕೇಳಿ ಅವರೇನೂ ಸಣ್ಣವರಾಗಲಿಲ್ಲ.

ನಾನು ಎಂಜಿನಿಯರ್. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆಂದು ಸೇತುವೆಯಲ್ಲಿ ಸಂದು ಬಿಡುತ್ತೇವೆ. ಅದರಲ್ಲಿ ಕಲ್ಲುಮಣ್ಣು ತುಂಬಿದರೆ ಬಿರುಕು ಬೀಳುತ್ತದೆ. ಮಗ-ಸೊಸೆಯ ಸಂಸಾರಕ್ಕೂ ಅಷ್ಟು ಜಾಗ ಬಿಡೋಣ.

ವಾರಕ್ಕೊಂದು ಸಂಜೆ ಪೂಜೆ ಮುಗಿಸಿ ಮನೆಮಂದಿಯೆಲ್ಲ ಕೂಡಿ ಕೂರಿ. ಕಿರಿಯರು ಮೊದಲು ಮಾತಾಡಲಿ, ಹಿರಿಯರು ನಡುವೆ ಬಾಯಿ ಹಾಕದಿರಲಿ. ಮಾತು ಬಿಟ್ಟ ಮಗಳಿದ್ದರೆ ಇವತ್ತೇ ಫೋನು ಮಾಡಿ. ಊಟವಾಯಿತೇ ಎಂದು ಕೇಳಿದರೂ ಸಾಕು, ಉಳಿದದ್ದು ಆಮೇಲೆ.