ಹೊಳೆಯ ಕೊನೆಗೆ ಒಂದು ಪ್ರವಾಸ

ಬೇಸಿಗೆಯ ರಜ ಹತ್ತಿರವಾಯಿತೆಂದರೆ ಊಟಿಗೆ ಹೋಗೋಣವೇ, ಕೊಡೈಕಾನಲ್ಲಿಗೆ ಹೋಗೋಣವೇ ಎಂದು ಮನೆಮನೆಯಲ್ಲೂ ಮಾತು ಏಳುತ್ತದೆ. ನಮ್ಮ ಪಾಪಿನಾಯಕನಹಳ್ಳಿ, ಹೊಸಪೇಟೆ, ಕಂಪ್ಲಿಯ ಕಡೆಯವರಿಗೆ ನಾನು ಬೇರೊಂದು ಪ್ರವಾಸವನ್ನು ಸೂಚಿಸುತ್ತೇನೆ. ತುಂಗಭದ್ರಾ ಅಣೆಕಟ್ಟನ್ನು ನೀವೆಲ್ಲ ಹತ್ತಾರು ಸಲ ನೋಡಿದ್ದೀರಿ. ಅಲ್ಲಿಂದ ಹೊರಟ ನೀರು ಕಡಲು ಸೇರುವ ಸ್ಥಳವನ್ನು ಕಂಡವರು ನಿಮ್ಮಲ್ಲಿ ಎಷ್ಟು ಮಂದಿ?

ಹೊಸಪೇಟೆಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಬಳ್ಳಾರಿ, ಗುಂತಕಲ್ಲಿನ ಮೇಲೆ ವಿಜಯವಾಡ ತಲಪಬಹುದು. ಹೊಳೆಯ ದಾರಿ ಬೇರೆ. ಅದು ಕರ್ನೂಲನ್ನು ಹಾದು ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಯ ದೇವಾಲಯ ವರ್ಷದ ಬಹುಭಾಗ ಶ್ರೀಶೈಲದ ಜಲಾಶಯದಲ್ಲಿ ಮುಳುಗಿರುತ್ತದೆ. ನೀರು ಇಳಿದ ಬೇಸಿಗೆಯಲ್ಲಿ ಮಾತ್ರ ಮೇಲೆ ಕಾಣುತ್ತದೆ.

ವಿಜಯವಾಡದಲ್ಲಿ 1855ರ ಹಳೆಯ ಒಡ್ಡಿಗೆ ಬದಲಾಗಿ ಕಟ್ಟಿದ ಪ್ರಕಾಶಂ ಬ್ಯಾರೇಜು ಇದೆ. ಅದು 1957ರಲ್ಲಿ ಸಿದ್ಧವಾಯಿತು. ಅಲ್ಲಿಂದ ಎರಡೂ ದಡಗಳಲ್ಲಿ ಕಾಲುವೆಗಳು ಹೊರಡುತ್ತವೆ. ಮುಂದೆ ಕಡಲಿನವರೆಗೆ ಹರಡಿರುವುದೇ ಮುಖಜಭೂಮಿ, ಎಂದರೆ ಹೊಳೆ ಯುಗಯುಗಗಳಿಂದ ಹೊತ್ತು ತಂದ ಮೆಕ್ಕಲು ಮಣ್ಣಿನಿಂದಾದ ನೆಲ. ಊರು ಬಿಟ್ಟು ಕೆಳಗೆ ಹೋದಂತೆ ಗುಡ್ಡ ಮರೆಯಾಗಿ ಗದ್ದೆಬಯಲು ತೆರೆಯುತ್ತದೆ. ಹಂಪೆಯ ಬಂಡೆಗಳಿಗೆ ಒಗ್ಗಿದ ನಮ್ಮ ಕಣ್ಣಿಗೆ ಇದೇ ದೊಡ್ಡ ಸೋಜಿಗ.

ಈ ಬಯಲಿನಲ್ಲಿ ಶ್ರೀಕಾಕುಳವೆಂಬ ಹಳ್ಳಿಯೊಂದುಂಟು. ಜಿಲ್ಲಾಕೇಂದ್ರವಾದ ಶ್ರೀಕಾಕುಳಂ ಬೇರೆ. ಕಳಿಂಗದ ದಂಡಯಾತ್ರೆಯಲ್ಲಿ ಕೃಷ್ಣದೇವರಾಯನು ಇಲ್ಲಿ ತಂಗಿದ್ದನು. ಇಲ್ಲಿಯ ಆಂಧ್ರ ವಿಷ್ಣುವು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆಯಲು ಹೇಳಿದನೆಂದು ‘ಆಮುಕ್ತಮಾಲ್ಯದ’ದ ಪೀಠಿಕೆ ತಿಳಿಸುತ್ತದೆ. ಅಲ್ಲಿ ದೇವರು ತನ್ನನ್ನು ತೆಲುಗು ರಾಯನೆಂದೂ ಅರಸನನ್ನು ಕನ್ನಡ ರಾಯನೆಂದೂ ಕರೆಯುತ್ತಾನೆ. ಎರಡು ನುಡಿಗಳ ನೆಂಟತನಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷಿ ಬೇಕೆ?

ಸಮೀಪದ ಮಚಲೀಪಟ್ಟಣ ಗೋಲ್ಕೊಂಡದ ಸುಲ್ತಾನರ ಹೆಸರಾಂತ ರೇವು. ಇಂಗ್ಲಿಷರು 1611ರಲ್ಲಿ ಇಲ್ಲಿ ವ್ಯಾಪಾರದ ಕೋಠಿ ತೆರೆದರು. ಡಚ್ಚರ ಗೋರಿಗಳನ್ನೂ, ನೆರೆಯ ಪೆಡನದ ಕಲಂಕಾರಿ ಬಟ್ಟೆಯನ್ನೂ ನೋಡಿ ಬನ್ನಿ. ಕಡಲು ಇಲ್ಲಿ ಕೊಟ್ಟದ್ದಷ್ಟೇ ಅಲ್ಲ, ಕಿತ್ತುಕೊಂಡದ್ದೂ ಉಂಟು. 1864ರ ಚಂಡಮಾರುತದಲ್ಲಿ ನುಗ್ಗಿದ ಅಲೆಗೆ ಸುಮಾರು ಮೂವತ್ತು ಸಾವಿರ ಜನ ಬಲಿಯಾದರು. 1977ರ ನವೆಂಬರಿನಲ್ಲಿ ದಿವಿಸೀಮೆಯ ಹಳ್ಳಿಗಳು ಕೊಚ್ಚಿಹೋದುವು.

ದಿವಿಸೀಮೆಯ ಹಂಸಲದೀವಿಯಲ್ಲಿ ಹೊಳೆ ಕಡಲನ್ನು ಸೇರುತ್ತದೆ. ಅಲ್ಲಿ ನಿಂತಾಗ ನಮ್ಮ ಅಣೆಕಟ್ಟನ್ನು ನೆನೆಯಿರಿ. 1953ರಲ್ಲಿ ಅದು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಮೇಲಣ ಹೊಲಗಳಿಂದ ಮಳೆ ಕೊಚ್ಚಿ ತಂದ ಮಣ್ಣು ಅಲ್ಲೇ ನಿಂತಿದೆ. ಶ್ರೀಶೈಲ, ನಾಗಾರ್ಜುನಸಾಗರಗಳಲ್ಲೂ ಇದೇ ಕಥೆ. ಮೆಕ್ಕಲು ಬರುವುದು ಕಡಮೆಯಾದುದರಿಂದ ಕಡಲು ಮುಖಜಭೂಮಿಯ ಅಂಚನ್ನು ಅಲ್ಲಲ್ಲಿ ಕೊರೆಯುತ್ತಿದೆ. ಹೀಗೆ ಒಂದೇ ಮಣ್ಣು ಕಂಪ್ಲಿಯ ರೈತನಿಗೆ ನೀರಿನ ಕೊರತೆಯನ್ನೂ ದಿವಿಸೀಮೆಯ ರೈತನಿಗೆ ನೆಲದ ಕೊರತೆಯನ್ನೂ ತಂದಿದೆ.

ಅಣೆಕಟ್ಟು ಬೇಡವೆಂದು ನಾನು ಹೇಳುತ್ತಿಲ್ಲ. ಹೊಲಕ್ಕೆ ಬದು ಹಾಕಿ, ಗುಡ್ಡದಲ್ಲಿ ಮರ ಉಳಿಸಿದರೆ ಮಣ್ಣು ಹುಟ್ಟಿದ ಸ್ಥಳದಲ್ಲೇ ನಿಲ್ಲುತ್ತದೆ, ಅಣೆಕಟ್ಟೂ ಬೇಗ ತುಂಬದು. ಪಾಠಪುಸ್ತಕದಲ್ಲಿ ಓದಿ ಮರೆಯುವ ಈ ಮಾತನ್ನು ನಿಮ್ಮ ಮಕ್ಕಳು ಹಂಸಲದೀವಿಯ ಮರಳಿನಲ್ಲಿ ನಿಂತು ಕೇಳಲಿ. ಅಲ್ಲಿ ಬಿಸಿಲು ಬಲು ಕಡು; ತಿರುಗಾಟವನ್ನು ಬೆಳಗಿನ ಹೊತ್ತೇ ಮುಗಿಸಿಕೊಳ್ಳಿ.